ಸತ್ತವರ ಸಾಕ್ಷಿ ಓದುತ್ತಿದ್ದ ವಕೀಲರು

ಅವರು ನನ್ನ ಎದುರು ಪಾರ್ಟಿಯ ವಕೀಲರಾಗಿದ್ದರು. ಒಂದೇ ಒಂದು ಅಪೀಲಿನಲ್ಲಿ, ವರ್ಷಗಟ್ಟಲೆ. ನಾನು ಅವರ ಕೈಕೆಳಗೆ ಒಂದು ದಿನವೂ ಕೆಲಸ ಮಾಡಿದವಳಲ್ಲ, ಅವರ ಊರಿನವಳೂ ಅಲ್ಲ. ಆದರೂ ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ನಮ್ಮ ಹುಮನಾಬಾದಿನ ವಕೀಲರೆಲ್ಲ ಮೊದಲು ನನ್ನ ಮುಖ ನೋಡಿದರು. ಸಂತಾಪ ಸಭೆಯಲ್ಲಿ ಎರಡು ಮಾತು ಆಡಲು ನನ್ನನ್ನೇ ಎಬ್ಬಿಸಿದರು. ಎದ್ದು ನಿಂತು, ‘ದೊಡ್ಡ ವಕೀಲರು, ಒಳ್ಳೆಯ ಮನುಷ್ಯರು’ ಎಂದಷ್ಟೇ ಹೇಳಿ ಕೂತುಬಿಟ್ಟೆ. ಉಳಿದದ್ದನ್ನು ಅಷ್ಟು ಮಂದಿಯ ಮುಂದೆ ಹೇಳಲು ಧೈರ್ಯ ಸಾಲಲಿಲ್ಲ. ಈಗ ಬರೆಯುತ್ತಿದ್ದೇನೆ, ಅವರ ಹೆಸರೊಂದನ್ನು ಬಿಟ್ಟು.

ಬಸವಕಲ್ಯಾಣದ ಹಳೆಯ ಮುಸ್ಲಿಂ ಮನೆತನದವರು. ಎತ್ತರದ ಆಳು, ಮೆಹಂದಿ ಹಚ್ಚಿದ ಸಣ್ಣ ಗಡ್ಡ, ಒಗೆದು ಒಗೆದು ಕಂದು ಬಣ್ಣಕ್ಕೆ ತಿರುಗಿದ ಕರಿ ಕೋಟು. ಊರವರೆಲ್ಲ ‘ವಕೀಲಸಾಬ್ರು’ ಅನ್ನುತ್ತಿದ್ದರು. ತಾರೀಖು ಇದ್ದ ದಿನ ಬಸ್ಸಿನಲ್ಲಿ ಹುಮನಾಬಾದಿಗೆ ಬಂದು, ಕೋರ್ಟಿನ ಮುಂದಿನ ಬೇವಿನ ಗಿಡದ ಕೆಳಗೆ ನಿಂತು ಕೋಟು ತೊಟ್ಟು, ಗುಂಡಿಗಳನ್ನೆಲ್ಲ ಹಾಕಿಕೊಂಡೇ ಒಳಗೆ ಕಾಲಿಡುತ್ತಿದ್ದರು. ಮಾತು ಬಹಳ ಮೆಲು. ಜಡ್ಜರು ಎಷ್ಟೋ ಸಲ ಮುಂದೆ ಬಾಗಿ ಕೇಳಿಸಿಕೊಳ್ಳಬೇಕಾಗುತ್ತಿತ್ತು.

ಕೋರ್ಟಿನ ಕಡತವನ್ನು ಅವರು ‘ಮಿಸಲ್’ ಅನ್ನುತ್ತಿದ್ದರು. ಮಿಸಲ್ ಬಿಚ್ಚುವ ಮುನ್ನ ಅದರ ರಟ್ಟಿನ ಮೇಲೆ ಬೆರಳ ಗಿಣ್ಣಿನಿಂದ ಮೆಲ್ಲಗೆ ಬಡಿಯುವುದು ಅವರ ರೂಢಿ, ಬೇರೆಯವರ ಮನೆ ಬಾಗಿಲು ಬಡಿದ ಹಾಗೆ. ಮೊದಲ ಸಲ ನೋಡಿದಾಗ ನನಗೆ ತಡೆಯಲಾಗಲಿಲ್ಲ.

“ಧೂಳು ಝಾಡಸಾಕತ್ತೀರೇನ್ರಿ ಸರ್?”

“ಇಲ್ಲ ಬೇಟಿ. ಒಳಗ ಮಂದಿ ಕುಂತಾರ. ಒಮ್ಮಿಗೇ ಬಾಗಲಾ ತಗದ್ರ ಗಾಬರಿ ಆಗ್ತಾರ.”

ನಾನು ನಕ್ಕೆ. ಅವರು ನಗಲಿಲ್ಲ. ಎರಡು ಕೇಸಿನ ಮಿಸಲುಗಳನ್ನು ಒಂದರ ಮೇಲೊಂದು ಇಡಲೂ ಅವರು ಬಿಡುತ್ತಿರಲಿಲ್ಲ. ಯಾರಾದರೂ ಇಟ್ಟರೆ ತಾವೇ ಎದ್ದು ಹೋಗಿ ಬೇರೆ ಮಾಡುವರು. “ಒಬ್ಬರ ಮಾತು ಇನ್ನೊಬ್ಬರಿಗಿ ಹತ್ತತಾವ್ರಿ” ಎಂದು ಗೊಣಗುವರು. ವಯಸ್ಸಾದವರ ಖಯಾಲಿ ಎಂದು ನಾವೆಲ್ಲ ಬಿಟ್ಟುಬಿಟ್ಟಿದ್ದೆವು.

ಲಿಖಿತ ವಾದ ಸಲ್ಲಿಸಲು ನಾನೊಮ್ಮೆ ಕಾಲಾವಕಾಶ ಕೇಳಿ ಅರ್ಜಿ ಹಾಕಿದ್ದೆ. ಅದು ಎಷ್ಟನೆಯ ಸಲವೋ. ಅವರು ಗಟ್ಟಿಯಾಗಿ ವಿರೋಧಿಸುತ್ತಾರೆ ಎಂದುಕೊಂಡರೆ, ಎದ್ದು ನಿಂತು, “ಮೇಡಂಗ ಹೊತ್ತು ಕೊಡ್ರಿ ಸ್ವಾಮಿ. ನಮ್ಮ ಸಾಕ್ಷಿದಾರರೆಲ್ಲ ಸತ್ತಾರ. ಅವರಿಗೇನೂ ಅವಸರ ಇಲ್ಲ” ಅಂದರು. ಕೋರ್ಟು ನಕ್ಕಿತು. ಕೊನೆಗೆ ನಾನು ಸಲ್ಲಿಸಿದ ದಪ್ಪ ಲಿಖಿತ ವಾದದ ಪ್ರತಿಯನ್ನು ಅಲ್ಲೇ ಕೂತು ಪೂರ್ತಿ ಓದಿ, “ಇದರಾಗ ನಿಮ್ಮ ಮಾತೇ ಭಾಳ ಅದ. ಅವರದ್ದು ಎಲ್ಲಿ?” ಎಂದು ಕೇಳಿದರು. ಅವರು ಅಂದರೆ ಸಾಕ್ಷಿದಾರರು.

ಅಪೀಲಿನ ವಿಷಯ ಇಷ್ಟು. ಬಸವಕಲ್ಯಾಣದಲ್ಲಿ ಕೋಟೆಯ ಹತ್ತಿರದ ಒಂದು ಓಣಿಯಲ್ಲಿ ಮುಂದೊಂದು ಹಿಂದೊಂದು ಎರಡು ಮನೆಗಳು. ಹಿಂದಿನ ಮನೆಗೆ ಇದ್ದದ್ದು ಒಂದೇ ಬಾಗಿಲು, ಅದೂ ಮುಂದಿನ ಮನೆಯ ಅಂಗಳಕ್ಕೆ ತೆರೆಯುತ್ತಿತ್ತು. ಹಿಂದಿನ ಮನೆಯ ಕಾಶೀಬಾಯಿ ಹಳೆ ಬಟ್ಟೆಯ ಕೌದಿ ಹೊಲಿದು, ಓಣಿಯ ಹೆಣ್ಣುಮಕ್ಕಳಿಗೂ ಹೊಲಿಗೆ ಕಲಿಸಿ ಸಂಸಾರ ನಡೆಸುತ್ತಿದ್ದಳು. ಮುಂದಿನ ಮನೆಯನ್ನು ಹುಮನಾಬಾದಿನ ಅಡತಿ ವ್ಯಾಪಾರಿ ರೇವಣಪ್ಪನವರು ಕೊಂಡರು. ಅಂಗಳದಲ್ಲಿ ಅಂಗಡಿ ಮಳಿಗೆ ಕಟ್ಟಬೇಕು, ಆ ಬಾಗಿಲಿಗೆ ಅಡ್ಡ ಗೋಡೆ ಹಾಕಬೇಕು ಎನ್ನುವುದು ಅವರ ಯೋಚನೆ. ಹಾಕಿದರೆ ಕಾಶೀಬಾಯಿ ಮನೆಯಿಂದ ಹೊರಬರಲು ಗೋಡೆ ಜಿಗಿಯಬೇಕು, ಇಲ್ಲ ಮನೆಯನ್ನು ಅವರಿಗೇ ಮಾರಬೇಕು. ಆಕೆ ವಕೀಲಸಾಬರನ್ನು ಹಿಡಿದು ದಾವೆ ಹಾಕಿದಳು. ಅಂಗಳದಲ್ಲಿ ಹಾಯುವ ಹಕ್ಕು ಹಿಂದಿನಿಂದಲೂ ಆಕೆಯ ಮನೆಗೆ ಇದೆ ಎಂದು ಕೆಳಗಿನ ಕೋರ್ಟು ತೀರ್ಪು ಕೊಟ್ಟಿತು. ರೇವಣಪ್ಪನವರು ಅಪೀಲು ಹೋದರು. ತೀರ್ಪು ಕೊಟ್ಟಿದ್ದ ನ್ಯಾಯಾಧೀಶರೇ ಬಡ್ತಿ ಪಡೆದು ಬಸವಕಲ್ಯಾಣದಲ್ಲೇ ಅಪೀಲು ಕೇಳುವ ಜಾಗಕ್ಕೆ ಬಂದದ್ದರಿಂದ ಕೇಸು ಹುಮನಾಬಾದಿಗೆ ವರ್ಗವಾಯಿತು. ರೇವಣಪ್ಪನವರ ಹಳೆಯ ವಕೀಲರು ಅಷ್ಟರಲ್ಲಿ ತೀರಿಕೊಂಡಿದ್ದರು. ವಕಾಲತ್ತು ನನಗೆ ಬಂತು.

ವಕೀಲಸಾಬರ ಬಗ್ಗೆ ನನಗೆ ಮೊದಲ ಸಲ ಮೈ ಜುಮ್ಮೆಂದದ್ದು ಒಂದು ಸಣ್ಣ ಅರ್ಜಿಯ ದಿನ. ಕಾಶೀಬಾಯಿಯ ಜೊತೆ ಆಕೆಯ ಮೈದುನನೂ ಕೇಸಿನಲ್ಲಿ ಪಾರ್ಟಿಯಾಗಿದ್ದ. ನಡುವೆ ತೀರಿಕೊಂಡ. ಪಾರ್ಟಿ ಸತ್ತರೆ ವಾರಸುದಾರರನ್ನು ಸೇರಿಸಲು ಅರ್ಜಿ ಹಾಕಬೇಕು. ಅದು ಮಂಜೂರಾಗುವವರೆಗೆ ಸತ್ತವನ ಹೆಸರೇ ಉಳಿದಿರುತ್ತದೆ. ಹಾಗಾಗಿ ಅವತ್ತು ಜವಾನ ಬಾಗಿಲಲ್ಲಿ ನಿಂತು ಆ ಸತ್ತವನ ಹೆಸರನ್ನೂ ಕೂಗಿದ. ವಕೀಲಸಾಬರು ತಟ್ಟನೆ ಬಾಗಿಲ ಕಡೆ ತಿರುಗಿದರು. ವಾರಸುದಾರರ ಅರ್ಜಿಗೆ ನನ್ನ ತಕರಾರಿಲ್ಲ ಎಂದು ಹೇಳಲು ನಾನು ಬಾಯಿ ತೆರೆದರೆ ಕೈ ಎತ್ತಿ ತಡೆದರು.

“ಒಂದ್ ನಿಮಿಷ ಮೇಡಂ. ಕರದಾರಲ್ಲ, ಬರಲಾಕ ಹೊತ್ತು ಬೇಕು.”

ಜಡ್ಜರು ತಲೆ ಎತ್ತಿದರು. ಹೊರಗೆ ಪಡಸಾಲೆಯಲ್ಲಿ ಮಂದಿ ಕಿಕ್ಕಿರಿದಿತ್ತು. ಬಾಗಿಲ ಮುಂದೆ ಒಬ್ಬ ಮನುಷ್ಯ ಹಾಯುವಷ್ಟು ಜಾಗ ಮಾತ್ರ ಖಾಲಿ. ಸಾಬರು ಆ ಜಾಗವನ್ನೇ ನೋಡುತ್ತಿದ್ದರು. ಪರಿಚಯದವರು ಒಳಗೆ ಬಂದಾಗ ಮಾಡುವ ಹಾಗೆ ಸಣ್ಣಗೆ ತಲೆಯಾಡಿಸಿ ಇತ್ತ ತಿರುಗಿದರು. “ಹಾಂ, ಈಗ ಹೇಳ್ರಿ.” ನಾನು ಹೇಳಬೇಕಾದದ್ದು ಮರೆತೇ ಹೋಗಿತ್ತು.

ಅಪೀಲಿನಲ್ಲಿ ಸಾಕ್ಷಿದಾರರನ್ನು ಮತ್ತೆ ಕರೆಯುವುದಿಲ್ಲ. ಕೆಳಗಿನ ಕೋರ್ಟಿನಲ್ಲಿ ಅವರು ಹೇಳಿದ್ದು ಕಡತದಲ್ಲಿರುತ್ತದೆ, ಅದನ್ನು ಓದಿ ವಾದ ಮಾಡಬೇಕು. ನಮ್ಮ ಕೇಸಿನಲ್ಲಿ ಆ ಕಡತವೇ ಬರಲಿಲ್ಲ. ತರಿಸಿಕೊಡಿ ಎಂದು ಸಾಬರು ಅರ್ಜಿ ಹಾಕಿದರು. ಹುಡುಕುವುದು ನಡೆದೇ ಇತ್ತು, ಸಿಗುವುದು ಕಾಣಲಿಲ್ಲ. ಆಗ ನಾನು ನನ್ನ ಪಾರ್ಟಿಯ ಪರ ಇನ್ನೊಂದು ಅರ್ಜಿ ಹಾಕಿದೆ. ಕಡತವಿಲ್ಲದೆ ಅಪೀಲು ಕೇಳಲಾಗದು, ಕೆಳಗಿನ ಕೋರ್ಟಿಗೆ ವಾಪಸು ಕಳಿಸಿ ಹೊಸದಾಗಿ ವಿಚಾರಣೆ ನಡೆಸಬೇಕು ಎಂದು. ಕಾನೂನಿನ ಪ್ರಕಾರ ತಪ್ಪಿಲ್ಲದ ಅರ್ಜಿ. ಆದರೆ ಕಾಶೀಬಾಯಿಯ ಸಾಕ್ಷಿದಾರರು ಒಬ್ಬರೂ ಬದುಕಿರಲಿಲ್ಲ. ಹೊಸ ವಿಚಾರಣೆ ಎಂದರೆ ಆಕೆ ಸೋತ ಹಾಗೆಯೇ. ಅವತ್ತು ಆಕೆ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು.

ವಕೀಲಸಾಬರು ಎದ್ದು, “ಮಿಸಲ್ ಹೋದ್ರ ಹೋಗಲಿ. ನನಗ ಎಲ್ಲಾರದ್ದೂ ಬಾಯಿಪಾಠ ಅದ” ಅಂದರು. ಜಡ್ಜರು ಇಬ್ಬರೂ ವಕೀಲರು ಕೂತು ತಮ್ಮಲ್ಲಿರುವ ಪ್ರತಿಗಳಿಂದ ಕಡತವನ್ನು ಮತ್ತೆ ಕಟ್ಟಿಕೊಡಿ, ಪ್ರತಿ ಇಲ್ಲದ್ದನ್ನು ನೆನಪಿನಿಂದ ಬರೆದು ಇಬ್ಬರೂ ಒಪ್ಪಿದರೆ ಮಾತ್ರ ಸೇರಿಸಿ ಎಂದರು.

ಹೀಗೆ ನಾವು ವಕೀಲರ ಸಂಘದ ಪುಸ್ತಕದ ಕೋಣೆಯಲ್ಲಿ ಊಟದ ನಂತರದ ಹೊತ್ತಿನಲ್ಲಿ ಕೂರತೊಡಗಿದೆವು. ಅವರ ಬಳಿಯಿದ್ದ ಪ್ರತಿಗಳನ್ನು ಗೆದ್ದಲು ತಿಂದಿತ್ತು. ನನ್ನ ಬಳಿ ಹಳೆಯ ವಕೀಲರು ಬಿಟ್ಟುಹೋದ ಕೆಲವು ಹಾಳೆಗಳಿದ್ದವು. ಅವನ್ನು ಅವರಿಗೆ ತೋರಿಸದೆ ಕೈಯಲ್ಲಿ ಹಿಡಿದುಕೊಂಡೆ, ಪರೀಕ್ಷೆ ಮಾಡೋಣ ಎಂದು. ಅವರು ಕಣ್ಣು ಮುಚ್ಚಿದರು.

ಮೊದಲು ಗೋಡೆ ಕಟ್ಟುವ ಒಬ್ಬ ಗೌಂಡಿಯ ಸಾಕ್ಷಿ. ಅವರ ಬಾಯಿಂದ ಬಂದ ದನಿ ಅವರದಾಗಿರಲಿಲ್ಲ. ಗೊಗ್ಗರು ದನಿ, ನಡುನಡುವೆ ತೊದಲು. ಹಾಳೆಯ ಮೇಲೆ ಬೆರಳಿಟ್ಟು ನೋಡುತ್ತಾ ಹೋದೆ, ಒಂದು ಶಬ್ದವೂ ಆಚೀಚೆ ಇಲ್ಲ. ಆಮೇಲೆ ಒಬ್ಬ ನಿವೃತ್ತ ಮಾಸ್ತರರದ್ದು. ಅವರ ದನಿಯೇ ಬೇರೆ, ಮೂಗಿನಿಂದ ಬರುವಂಥದ್ದು. ಪಾಟೀಸವಾಲಿನ ಪ್ರಶ್ನೆಗಳು ಬಂದಾಗ ನನಗೆ ನಿಜವಾಗಿಯೂ ಅಂಜಿಕೆಯಾಯಿತು. ನಮ್ಮ ಹಳೆಯ ವಕೀಲರು ಪ್ರಶ್ನೆ ಕೇಳುವ ಮುನ್ನ ಒಮ್ಮೆ ಒಣ ಕೆಮ್ಮು ಕೆಮ್ಮುತ್ತಿದ್ದರು. ನಾನು ಅವರನ್ನು ಬಲ್ಲೆ. ಆ ಕೆಮ್ಮೂ ಬಂತು.

“ಸರ್, ನೀವು ಭಾಳ ಛಲೋ ನಕಲು ಮಾಡ್ತೀರಿ” ಎಂದೆ, ನನ್ನ ಅಂಜಿಕೆ ಮುಚ್ಚಿಕೊಳ್ಳಲು.

“ನಕಲಾ? ನಾ ಏನು ಮಾಡ್ದೆ?” ಎಂದು ಕೇಳಿದರು. ತಮ್ಮ ದನಿ ಬದಲಾದದ್ದು ಅವರಿಗೆ ಗೊತ್ತೇ ಇರಲಿಲ್ಲ.

ಕೊನೆಗೆ ಉಳಿದದ್ದು ಬೇಮಳಖೇಡದ ತುಳಜಮ್ಮ ಎಂಬಾಕೆಯ ಸಾಕ್ಷಿ. ತೀರ್ಪಿನ ಕೊನೆಯಲ್ಲಿ ಸಾಕ್ಷಿದಾರರ ಹೆಸರುಗಳನ್ನು ಕೊಟ್ಟಿರುತ್ತಾರೆ, ಅದರಲ್ಲಿ ಆಕೆಯ ಹೆಸರಿತ್ತು. ಹೇಳಿಕೆಯ ಪ್ರತಿ ಮಾತ್ರ ಇಬ್ಬರ ಬಳಿಯೂ ಇರಲಿಲ್ಲ. ಆಕೆ ಮುಂದಿನ ಮನೆಯಲ್ಲಿ, ಅಂದರೆ ಈಗ ರೇವಣಪ್ಪನವರು ಕೊಂಡಿರುವ ಮನೆಯಲ್ಲಿ, ಹುಟ್ಟಿ ಬೆಳೆದವಳು ಎಂದು ಸಾಬರ ವಾದ. ಅದನ್ನು ನಮ್ಮವರು ಒಪ್ಪಲಿಲ್ಲ. ಅದಕ್ಕೇ ಸಾಬರು ಅವತ್ತು ತುಳಜಮ್ಮನ ಮಗಳನ್ನು ಊರಿಂದ ಕರೆಸಿ, ನನ್ನ ಎದುರು ಗುರುತು ಹೇಳಿಸಲೆಂದು ಹೊರಗೆ ಬೆಂಚಿನ ಮೇಲೆ ಕೂರಿಸಿದ್ದರು.

ಕಣ್ಣು ಮುಚ್ಚಿ ಕೂತ ಅವರ ಭುಜ ಸಣ್ಣದಾದ ಹಾಗೆ ಕಂಡಿತು. ಬಂದದ್ದು ಹೆಣ್ಣುದನಿ, ಮುದಿ ದನಿ.

“ಬೇಮಳಖೇಡ ನನ್ನ ಗಂಡನ ಊರ್ರಿ. ನಾ ಹುಟ್ಟಿದ್ದು ಕಲ್ಯಾಣದಾಗ, ಆ ಮುಂದಿನ ಮನಿಯಾಗೇ. ಹಿಂದಿನವರು ನಮ್ಮ ಅಂಗಳದಾಗಿಂದೇ ಹಾಯ್ತಿದ್ರು. ಅವರಿಗಿ ಬ್ಯಾರೆ ಬಾಗಲಾ ಎಲ್ಲಿ ಅದ? ಬಾಗಲಾ ಎತ್ತರ ಇತ್ತು. ಇಳಿಲಾಕ ಬರಲಂತ ನಮ್ಮವ್ವ ಒಡದ ಬೀಸೋಕಲ್ಲು ಪಾವಟಿಗಿ ಮಾಡಿ ಅಂಗಳದಾಗ ಹುಗದಾಳ.”

ಒಣ ಕೆಮ್ಮು. ನಮ್ಮ ಹಳೆಯ ವಕೀಲರ ದನಿ: “ಇಷ್ಟು ವರ್ಷದ ಹಿಂದಿನ ಕಲ್ಲು ನಿನಗ ಹ್ಯಾಂಗ ನೆನಪದ?”

ಆಮೇಲೆ ಅದೇ ಮುದಿ ದನಿ.

“ಅದರಾಗ ನನ್ನ ತಂಗಿ ಬಳಿ ಅದರೀ. ಸಣ್ಣ ಕೂಸು ಇದ್ದಳು, ಜ್ವರ ಬಂದು ಹೋದ್ಳು. ಆಕಿ ಹಸರು ಬಳಿ ಅವ್ವ ಗೂಟದ ತೂತಿನಾಗ ಇಟ್ಟು ಮಣ್ಣು ಮೆತ್ತಿದ್ಳು. ಯಾರ ಮುಂದೂ ಹೇಳಬ್ಯಾಡ ಅಂದಿದ್ಳು. ಈಗ ಪ್ರಮಾಣ ಮಾಡೀನಿ, ಅದಕ್ಕ ಹೇಳಾಕತ್ತೀನಿ.”

ಬಾಗಿಲು ತೆರೆದ ಸದ್ದಾಯಿತು. ತುಳಜಮ್ಮನ ಮಗಳು ಹೊಸ್ತಿಲಲ್ಲಿ ನಿಂತಿದ್ದಳು. ಆಕೆಗೂ ಆಗಲೇ ತಲೆ ನರೆತಿತ್ತು. ನನ್ನನ್ನು ನೋಡಿದಳು, ಸಾಬರನ್ನು ನೋಡಿದಳು, ಕಪಾಟುಗಳ ಸಂದಿಯಲ್ಲಿ ಬಗ್ಗಿ ನೋಡಿದಳು.

“ಯವ್ವಾ?” ಎಂದು ಕರೆದಳು. ಆಮೇಲೆ ನನ್ನ ಕಡೆ ತಿರುಗಿ, “ನಮ್ಮವ್ವ ಈಗ ಇಲ್ಲೇ ಮಾತಾಡಾಕತ್ತಿದ್ಳಲ್ರಿ ಬಾಯರ?” ಎಂದು ಕೇಳಿದಳು.

ಸಾಬರು ಕಣ್ಣು ತೆರೆದು ನೀರು ಕೇಳಿದರು.

ಆ ಹೇಳಿಕೆಯ ಪಕ್ಕದಲ್ಲಿ, ನನ್ನ ಬಳಿ ಪ್ರತಿ ಇಲ್ಲ, ಅಲ್ಲಗಳೆಯಲು ಕಾರಣವೂ ಇಲ್ಲ ಎಂದು ಬರೆದು ಸಹಿ ಮಾಡಿದೆ. ಉಳಿದದ್ದೆಲ್ಲ ಅಷ್ಟು ಕರಾರುವಾಕ್ಕಾಗಿ ಇರುವಾಗ ಇದೊಂದನ್ನು ಹೇಗೆ ಅನುಮಾನಿಸಲಿ? ನಾವು ಕಟ್ಟಿದ ಹೊಸ ಕಡತ ಕೋರ್ಟಿಗೆ ಸೇರಿತು, ವಾದಕ್ಕೆ ತಾರೀಖು ಬಿತ್ತು.

ಆ ತಾರೀಖಿಗೆ ಮೊದಲೇ ಮೂಲ ಕಡತ ಸಿಕ್ಕಿಬಿಟ್ಟಿತು. ಯಾವುದೋ ಮಳೆಗಾಲದಲ್ಲಿ ಒದ್ದೆಯಾಗಿ ಇನ್ನೊಂದು ಕೇಸಿನ ಕಟ್ಟಿನ ರಟ್ಟಿಗೆ ಅಂಟಿಕೊಂಡು ಕೂತಿತ್ತಂತೆ. ಹುಮನಾಬಾದಿಗೆ ಬಂದ ದಿನವೇ ನಾನು ನೋಡಲು ಅನುಮತಿ ಪಡೆದು ಕೂತೆ. ಗೌಂಡಿಯ ಹೇಳಿಕೆ ಇತ್ತು, ಅಕ್ಷರ ಅಕ್ಷರ. ಮಾಸ್ತರರದ್ದಿತ್ತು. ತುಳಜಮ್ಮನದು ಇರಲಿಲ್ಲ. ಪುಟಗಳ ಅಂಕಿ ಎಲ್ಲೂ ತಪ್ಪಿರಲಿಲ್ಲ, ಯಾವ ಹಾಳೆಯೂ ಕಿತ್ತು ಹೋಗಿರಲಿಲ್ಲ. ದಿನಚರಿ ಹಾಳೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು: ‘ಸಾಕ್ಷಿ ತುಳಜಮ್ಮ ತೀರಿಕೊಂಡಿರುವುದಾಗಿ ವರದಿ. ಸಾಕ್ಷಿಯನ್ನು ಕೈಬಿಡಲಾಗಿದೆ.’ ಆಕೆ ಕೋರ್ಟಿಗೆ ಬಂದೇ ಇರಲಿಲ್ಲ. ಕರೆಯಬೇಕಾದ ಸಾಕ್ಷಿಗಳ ಪಟ್ಟಿ ನೋಡಿ ತೀರ್ಪಿನ ಕೊನೆಯಲ್ಲಿ ಯಾರೋ ಆಕೆಯ ಹೆಸರನ್ನೂ ಬೆರಳಚ್ಚು ಮಾಡಿಬಿಟ್ಟಿದ್ದರು, ಅಷ್ಟೇ.

ಆ ಹಾಳೆಯ ಮುಂದೆ ಎಷ್ಟು ಹೊತ್ತು ಕೂತೆನೋ ತಿಳಿಯದು. ಹಾಗಾದರೆ ಆ ಮಧ್ಯಾಹ್ನ ಮಾತಾಡಿದವರು ಯಾರು?

ರೇವಣಪ್ಪನವರಿಗೆ ಹೇಳಲೇಬೇಕಾಗಿತ್ತು, ನನ್ನ ಪಾರ್ಟಿ. ಅವರು ಕುರ್ಚಿಯಿಂದ ಎದ್ದೇಬಿಟ್ಟರು. “ಸಿಕ್ಕನಲ್ರಿ! ಸತ್ತಾಕಿ ಹೆಸರ ಮ್ಯಾಲ ಸುಳ್ಳು ಸಾಕ್ಷಿ ಹುಟ್ಟಸ್ಯಾನ. ಆ ಮುದುಕನ ವಕೀಲಿ ಸನದು ಹೋಗಬೇಕು ಮೇಡಂ, ಹಂಗ ಬರೀರಿ.” ನಿಜ ಹೇಳಬೇಕೆಂದರೆ ಅದು ನಮ್ಮ ಕೈಗೆ ತಾನಾಗಿ ಬಂದು ಬಿದ್ದ ಗೆಲುವು. ಕಟ್ಟಿದ ಕಡತದಲ್ಲಿ ಒಂದು ಸುಳ್ಳು ಇದೆ ಎಂದು ತೋರಿಸಿದರೆ ಸಾಕು, ಸಾಬರ ಇನ್ನೊಂದು ಮಾತನ್ನು ಯಾವ ಕೋರ್ಟೂ ನಂಬುತ್ತಿರಲಿಲ್ಲ.

ತಾರೀಖಿನ ದಿನ ಕೋರ್ಟು ಶುರುವಾಗುವ ಮೊದಲು ನಾನು ಸಾಬರನ್ನು ಪಕ್ಕಕ್ಕೆ ಕರೆದು ಮೂಲ ಕಡತದ ಆ ಪುಟ ತೋರಿಸಿದೆ. ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

“ಬಂದಿದ್ಳು ಬೇಟಿ. ಎಡಗಾಲು ಎಳಕೋತ ಬಂದಳು. ನಿಂದರಲಾಕ ಆಗವಲ್ದು ಅಂದ್ಳು, ನಾನೇ ಕುರ್ಚಿ ಹಾಕಸೀನಿ.”

“ಕೇಸಿನ ತಯಾರಿ ಮಾಡೋವಾಗ ನೀವು ಬೇಮಳಖೇಡಕ್ಕ ಹೋಗಿ ಆಕಿನ್ನ ಕೇಳಿರಬೇಕ್ರಿ ಸರ್. ಅದು ನೆನಪಿನಾಗ ಕಲಸಿ ಹೋಗ್ಯಾದ.”

“ಆ ಊರಾಗ ನಾ ಕಾಲೇ ಇಟ್ಟಿಲ್ಲ. ಹೆಸರು ಕಾಶೀಬಾಯಿ ಕೊಟ್ಟಿದ್ಳು, ಅಷ್ಟೇ.”

ಬೇರೊಂದು ದಿನ ತುಳಜಮ್ಮನ ಮಗಳನ್ನೂ ವಿಚಾರಿಸಿದೆ. ಯಾವ ವಕೀಲರೂ ಅವರ ಮನೆಗೆ ಬಂದಿರಲಿಲ್ಲ. ಸಾಯುವ ಮುಂಚಿನ ವರ್ಷಗಳಲ್ಲಿ ಅವ್ವ ಮನೆ ಬಿಟ್ಟು ಕದಲಿರಲಿಲ್ಲ. ಬೀಸುವ ಕಲ್ಲು, ಬಳೆ, ಇಂಥದ್ದೊಂದೂ ಮಗಳ ಕಿವಿಗೆ ಬಿದ್ದಿರಲಿಲ್ಲ. ಎಡಗಾಲು ಎಳೆಯುತ್ತಿದ್ದದ್ದು ಮಾತ್ರ ಖರೆ.

ಅವತ್ತು ಸಾಬರು ನನ್ನಿಂದಲೇ ಬಿಳಿ ಹಾಳೆ ಕೇಳಿ ಪಡೆದು ಅಲ್ಲೇ ನಿಂತು ಮೆಮೊ ಬರೆದರು. ತುಳಜಮ್ಮ ಎಂಬ ಸಾಕ್ಷಿಯ ವಿಚಾರಣೆ ನಡೆದಿಲ್ಲ, ನಾನು ಕಟ್ಟಿಕೊಟ್ಟ ಆಕೆಯ ಹೇಳಿಕೆಯನ್ನು ಹಿಂತೆಗೆದುಕೊಳ್ಳುತ್ತೇನೆ, ಇದಕ್ಕೆ ನಾನೊಬ್ಬನೇ ಹೊಣೆ, ನನ್ನ ಕಕ್ಷಿದಾರಳಿಗೆ ಏನೂ ಗೊತ್ತಿಲ್ಲ ಎಂದು. ಅಕ್ಷರಗಳು ನೆಟ್ಟಗಿದ್ದವು.

“ನಿಮ್ಮ ಪಾರ್ಟಿಗಿ ನುಕಸಾನ ಆಗ್ತದಲ್ರಿ ಸರ್” ಎಂದೆ. ಎದುರು ಪಾರ್ಟಿಯವಳು ಆಡುವ ಮಾತಲ್ಲ ಅದು.

“ಮಿಸಲಿನಾಗ ಇಲ್ಲದ್ದು ಕೋರ್ಟಿನಾಗ ಇರಬಾರದು.” ಇನ್ನೊಂದು ಹಾಳೆ ಕೇಳಿದರು. ಅದು ಬೇರೆ ಅರ್ಜಿ: ಕೋರ್ಟಿನ ಪರವಾಗಿ ಸ್ಥಳ ನೋಡುವ ಕಮಿಷನರನ್ನು ನೇಮಿಸಿ ಅಂಗಳಕ್ಕೆ ಹಾಸಿದ ಪರಸಿ ಕಲ್ಲುಗಳನ್ನು ಎತ್ತಿಸಿ ನೋಡಬೇಕು ಎಂದು. “ಆಕಿ ಅಂದದ್ದು ಸಾಕ್ಷಿ ಅಲ್ಲ. ಆದರ ಕಲ್ಲು ಇದ್ರ ಇರತದ.”

“ಇರಲಿಲ್ಲಂದ್ರ?”

“ನನಗ ಹುಚ್ಚು ಹಿಡದದ ಅಂತ ತಿಳೀತದ. ಅದೂ ತಿಳಕೋಬೇಕಲ್ಲ ಬೇಟಿ.”

ಅಪೀಲಿನ ಹಂತದಲ್ಲಿ ಹೊಸ ಸಾಕ್ಷ್ಯಕ್ಕೆ ಎಡೆಯಿಲ್ಲ ಎಂದು ನಾನು ತಕರಾರು ಸಲ್ಲಿಸಿದೆ, ನನ್ನ ಕೆಲಸ ಅದು. ಜಡ್ಜರು ಎರಡೂ ಹಾಳೆಗಳನ್ನು ಓದಿ ಅವರನ್ನು ದಿಟ್ಟಿಸಿ ನೋಡಿದರು. ತುಳಜಮ್ಮನ ಹೇಳಿಕೆಯನ್ನು ಕಡತದಿಂದ ತೆಗೆಸಿದರು. ತೀರ್ಪಿಗೆ ನೆರವಾಗುವುದಾದರೆ ಸ್ಥಳ ನೋಡುವುದರಲ್ಲಿ ಯಾರಿಗೂ ತೊಂದರೆಯಿಲ್ಲವೆಂದು ಕಮಿಷನರಾಗಿ ಒಬ್ಬ ವಕೀಲರನ್ನು ನೇಮಿಸಿದರು.

ಕಮಿಷನರು ಸ್ಥಳ ನೋಡಲು ಬಂದ ದಿನ ಉರಿಬಿಸಿಲು. ಓಣಿಯ ಮಂದಿಯೆಲ್ಲ ಮಾಳಿಗೆ ಹತ್ತಿದ್ದರು. ಕಾಶೀಬಾಯಿ ತನ್ನ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ರೇವಣಪ್ಪನವರು ಛತ್ರಿ ಹಿಡಿದು, “ಮುದುಕನ ಮಾತು ಕೇಳಿ ಎಲ್ಲಾರೂ ಹುಚ್ಚಾಗ್ಯಾರ” ಎನ್ನುತ್ತಿದ್ದರು. ತುಳಜಮ್ಮನ ಮಗಳೂ ಬಂದಿದ್ದಳು. ವಕೀಲಸಾಬರು ಮಾತ್ರ ಅಂಗಳಕ್ಕೆ ಬರಲಿಲ್ಲ, ಓಣಿಯ ತಿರುವಿನಲ್ಲಿ ನಮಗೆ ಬೆನ್ನು ಮಾಡಿ ನಿಂತಿದ್ದರು.

ಬಾಗಿಲ ಮುಂದಿನ ಪರಸಿಗಳನ್ನು ಎತ್ತಿದರು. ಕೆಳಗೆ ಅಂಗಳ ಎತ್ತರಿಸಲು ತುಂಬಿದ ಮೊರಂ ಮಣ್ಣು. ಹಾರೆ ಹಾಕಿ ಒಂದಿಷ್ಟು ಕೆದರಿದರೂ ಏನೂ ಕಾಣಲಿಲ್ಲ. ರೇವಣಪ್ಪನವರು ಛತ್ರಿ ಮಡಚಿದರು. ಆಗ ಹಾರೆ ಕಲ್ಲಿಗೆ ತಾಗಿ ಖಣ್ ಎಂದಿತು. ದುಂಡನೆಯ ಕರಿಕಲ್ಲು, ಒಂದು ಬದಿ ಒಡೆದದ್ದು, ಬೀಸುವ ಮುಖ ಕೆಳಗಾಗಿ ಮಲಗಿತ್ತು. ಮೇಲಿನ ಬದಿ ಎಷ್ಟೋ ಕಾಲುಗಳು ತುಳಿದು ನುಣುಪಾಗಿತ್ತು. ಹೊರಳಿಸಿದಾಗ ಗೂಟದ ತೂತು ಕಂಡಿತು, ಮಣ್ಣು ಮೆತ್ತಿ ಮುಚ್ಚಿದ್ದು.

ಯಾರೂ ಮುಂದೆ ಬರಲಿಲ್ಲ. ಕಾಶೀಬಾಯಿ ಕೌದಿ ಹೊಲಿಯುವ ದಬ್ಬಣ ತಂದುಕೊಟ್ಟಳು. ತುಳಜಮ್ಮನ ಮಗಳು ಕುಕ್ಕರುಗಾಲಲ್ಲಿ ಕೂತು ಆ ಮಣ್ಣನ್ನು ಕೆದರಿ ಅಂಗೈಯಲ್ಲಿ ಹಿಡಿದುಕೊಂಡಳು. ಹಸಿರು ಗಾಜಿನ ಬಳೆ, ಒಂದು ಬಿರುಕೂ ಇಲ್ಲದ್ದು. ಎಷ್ಟು ಚಿಕ್ಕದೆಂದರೆ ಆಕೆಯ ಎರಡು ಬೆರಳು ಅದರಲ್ಲಿ ಹೋಗಲಿಲ್ಲ.

“ನನಗೊಬ್ಬಾಕಿ ಚಿಕ್ಕವ್ವ ಇದ್ಳಂತ ಇವತ್ತು ಗೊತ್ತಾಯ್ತ್ರಿ” ಎಂದಳು ಮೆಲ್ಲಗೆ.

ನಾನು ಓಣಿಯ ತಿರುವಿಗೆ ಹೋಗಿ, “ಸಿಕ್ತ್ರಿ ಸರ್. ಬಳಿನೂ ಸಿಕ್ತು” ಎಂದೆ. ಕಾಶೀಬಾಯಿಯ ಬಾಗಿಲು ಉಳಿಯಿತು ಎಂದು ಅವರಿಗೆ ಖುಷಿಯಾಗಬಹುದು ಎಂದುಕೊಂಡಿದ್ದೆ. ಅವರು ಗೋಡೆಗೆ ಕೈ ಊರಿದರು.

“ಹುಚ್ಚು ಹಿಡದಿದ್ರ ಛಲೋ ಇತ್ತು ಬೇಟಿ.”

ಅಪೀಲು ವಜಾ ಆಯಿತು. ಆ ಬಾಗಿಲು ಬಹಳ ಹಿಂದಿನಿಂದ ಅಂಗಳಕ್ಕೇ ತೆರೆಯುತ್ತಿತ್ತು ಎನ್ನುವುದಕ್ಕೆ ತುಳಿದು ಸವೆದ ಆ ಕಲ್ಲೇ ಸಾಕು ಎಂದರು ಜಡ್ಜರು. ಸಾಬರ ಮೆಮೊ ಬಗ್ಗೆ ತೀರ್ಪಿನಲ್ಲಿ ಒಂದು ಮಾತೂ ಇರಲಿಲ್ಲ. ರೇವಣಪ್ಪನವರು ಒಂದಷ್ಟು ದಿನ ನನ್ನ ಮೇಲೆ ಮುನಿಸಿಕೊಂಡು ಆಮೇಲೆ ಆ ಮನೆಯನ್ನು ಬೇರೆಯವರಿಗೆ ಕೊಟ್ಟುಬಿಟ್ಟರು. ಕಲ್ಲನ್ನು ಮತ್ತೆ ಬಾಗಿಲ ಮೆಟ್ಟಿಲು ಮಾಡಿ ಹುಗಿದರು. ಬಳೆಯನ್ನು ಅದರೊಳಗೇ ಇಟ್ಟವಳು ತುಳಜಮ್ಮನ ಮಗಳು.

ಅದಾದ ಮೇಲೆ ವಕೀಲಸಾಬರು ಕೋರ್ಟಿನಲ್ಲಿ ಯಾರ ಹೇಳಿಕೆಯನ್ನೂ ಗಟ್ಟಿಯಾಗಿ ಓದಲಿಲ್ಲ. ಓದುವ ಸಂದರ್ಭ ಬಂದರೆ ಹಾಳೆಯನ್ನು ಪಕ್ಕದವರ ಕೈಗೆ ಕೊಡುತ್ತಿದ್ದರು. ಮಿಸಲುಗಳನ್ನು ಮುಟ್ಟುವುದೂ ಕಡಿಮೆಯಾಯಿತು. ಬರಬರುತ್ತಾ ಹುಮನಾಬಾದಿಗೆ ಬರುವುದು ನಿಂತಿತು, ಆಮೇಲೆ ತಮ್ಮ ಊರಿನ ಕೋರ್ಟಿಗೂ ಹೋಗಲಿಲ್ಲ.

ನಾನು ಅವರನ್ನು ಕೊನೆಯ ಸಲ ಕಂಡದ್ದು ಅವರ ಮನೆಯಲ್ಲಿ, ತೀರಿಕೊಳ್ಳುವುದಕ್ಕೆ ಕೆಲವು ದಿನ ಮೊದಲು. ಬೇರೊಂದು ಕೆಲಸಕ್ಕೆ ಬಸವಕಲ್ಯಾಣಕ್ಕೆ ಹೋದವಳು ಮಧ್ಯಾಹ್ನ ಅವರ ಮನೆಗೆ ಹೋದೆ. ಸೊಸೆ ಬಾಗಿಲು ತೆರೆದಳು.

“ಬರ್ರಿ ಮೇಡಂ. ನಮ್ಮ ಅಬ್ಬಾ ಭಾಳ ಸೊರಗ್ಯಾರ. ತಮ್ಮ ದನಿಯಾಗ ಮಾತಾಡೋದೇ ಕಮ್ಮಿ ಆಗ್ಯಾದ. ನಮಗ ಅಂಜಿಕಿ ಬರತದ್ರಿ.”

ಒಳಕೋಣೆಯಲ್ಲಿ ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ನಾನು ಸ್ಟೂಲ್ ಎಳೆದು ಕೂತು, “ಸರ್, ನಾನು” ಎಂದೆ. ಅವರು ಇತ್ತ ಹೊರಳಿದರು. ಗುರುತು ಹಿಡಿದರು ಎಂದು ಅವರ ಕಣ್ಣು ಹೇಳಿತು. ಸೊಸೆ ಚಹಾ ಮಾಡಲು ಹೋದಳು. ಆಗ ಅವರು ಕಣ್ಣು ಮುಚ್ಚಿಕೊಂಡರು.

“ಈ ವಕೀಲರು ಸತ್ತ ಹೆಂಗಸಿನ ಬಾಯಲ್ಲಿ ತಮ್ಮ ಮಾತು ತುರುಕಿದ್ದಾರೆ. ಇವರಿಗೆ ನ್ಯಾಯಾಲಯವೆಂದರೆ ನಾಟಕದ ರಂಗಮಂಚ. ಇವರ ವಯಸ್ಸಿಗೆ ಮರುಗದೆ ಇವರ ಕೋಟನ್ನು ಕಳಚಿಸಬೇಕು...”

ದನಿ ನನ್ನದು. ವಾಕ್ಯದ ಕೊನೆಗೆ ನಾನು ಎಳೆಯುವ ಎಳೆತ, ‘ನ್ಯಾಯಾಲಯ’ ಎನ್ನುವಾಗ ನನಗೆ ಆಗುವ ಸಣ್ಣ ತಡೆ, ಎಲ್ಲ ಇತ್ತು. ಮಾತೂ ನನ್ನದೇ. ರೇವಣಪ್ಪನವರು ಒತ್ತಾಯ ಮಾಡಿದ ಮೇಲೆ ಒಂದು ಭಾನುವಾರ ಮನೆಯಲ್ಲಿ ಒಬ್ಬಳೇ ಕೂತು ಆ ವಾದವನ್ನು ಬರೆದಿದ್ದೆ. ಬರೆದು ಒಮ್ಮೆ ಮೆಲ್ಲಗೆ ಓದಿಕೊಂಡೆ. ಅದು ಕಿವಿಗೆ ಬಿದ್ದಾಗ ನನಗೇ ಅಸಹ್ಯವಾಗಿ ಹರಿದು ಒಲೆಗೆ ಹಾಕಿದ್ದೆ. ಅದನ್ನು ರೇವಣಪ್ಪನವರಿಗೂ ತೋರಿಸಿರಲಿಲ್ಲ. ಯಾರ ಮುಂದೆಯೂ ಒಂದು ಶಬ್ದ ಆಡಿರಲಿಲ್ಲ.

ಅವರು ಕೊನೆಯ ಸಾಲಿನವರೆಗೂ ಹೇಳಿದರು. ಆಮೇಲೆ ಕಣ್ಣು ತೆರೆದು ತಮ್ಮದೇ ಮೆಲುದನಿಯಲ್ಲಿ ಕೇಳಿದರು.

“ಇದನ್ನ ನೀವು ಕೋರ್ಟಿನಾಗ ಅನ್ನಲಿಲ್ಲ. ಹೌದಲ್ಲ?”

“ಇಲ್ರಿ ಸರ್. ಅನ್ನಲಿಲ್ಲ.”

“ಮತ್ತ ನನಗ ಯಾಕ ಕೇಳಸ್ತದ?”

ಅವರ ಕೈ ಹಿಡಿದುಕೊಂಡೆ, ತಣ್ಣಗಿತ್ತು. ಸ್ವಲ್ಪ ಹೊತ್ತಿಗೆ ಉಸಿರು ನಿಧಾನವಾಗಿ ನಿದ್ದೆ ಹೋದರು. ಎದ್ದು ಹೊರಗೆ ಬಂದೆ. ಸೊಸೆ ಚಹಾದ ಕಪ್ಪು ಹಿಡಿದು ಬಾಗಿಲ ಹೊರಗೇ ನಿಂತಿದ್ದಳು.

“ಒಳಗ ಬರಬೇಕಂದೆ, ನೀವು ಭಾಳ ಹೊತ್ತು ಮಾತಾಡಾಕತ್ತಿದ್ರಿ. ಅದಕ್ಕ ಇಲ್ಲೇ ನಿಂತೆ” ಅಂದಳು. “ಅಬ್ಬಾ ಏನರ ಅಂದರೇನ್ರಿ?”

ನಾನು ಇಲ್ಲವೆಂದು ತಲೆಯಾಡಿಸಿದೆ. ಬಾಯಿ ತೆರೆಯಲಿಲ್ಲ.